26 ಮತ್ತು 52: ಎರೆಹೊಲದ ಹತ್ತಿಯೊಳಗಿನ ಚರಿತ್ರೆ

ನವೆಂಬರ್ ಹೊತ್ತಿಗೆ ಸುರಪುರ ತಾಲ್ಲೂಕಿನ ದೇವಾಪುರದಿಂದ ಶಹಾಪುರದ ಕಡೆ ಹೊರಟರೆ ಕಣ್ಣಿಗೆ ಬೀಳುವುದು ಮೂರೇ ಬೆಳೆ. ಕಾಲುವೆ ನೀರು ತಲುಪಿದಲ್ಲಿ ಭತ್ತ, ಮಳೆಯನ್ನೇ ನಂಬಿದ ಹೊಲದಲ್ಲಿ ತೊಗರಿ, ಎರಡೂ ಕಡೆ ಹತ್ತಿ. ಕೃಷ್ಣೆ ಮತ್ತು ಭೀಮೆಯರ ನಡುವಿನ ಈ ಎರೆಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಊರಿನ ಕೂಲಿ, ಸಾಲ, ಮದುವೆ ಎಲ್ಲದರ ಲೆಕ್ಕ ಅದರ ಮೇಲೆಯೇ ನಿಲ್ಲುತ್ತದೆ. ಕರ್ನಾಟಕದಲ್ಲಿ ಹೆಚ್ಚು ಹತ್ತಿ ಬೆಳೆಯುವ ಜಿಲ್ಲೆಗಳ ಸಾಲಿನಲ್ಲಿ ಯಾದಗಿರಿಯ ಹೆಸರು ಇಂದು ಮುಂದಿದೆ. ಈಗ ಹೊಲದಲ್ಲಿ ನಿಂತಿರುವ ಬಿಟಿ ಹತ್ತಿಯ ಎಲೆಯನ್ನೋ ಬೇರನ್ನೋ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಒಂದೊಂದು ಕೋಶದಲ್ಲೂ 52 ವರ್ಣತಂತುಗಳು ಸಿಗುತ್ತವೆ. ಇದೇ ಹೊಲಗಳಲ್ಲಿ ಮುತ್ತಜ್ಜಂದಿರು ಬಿತ್ತಿದ್ದ ಜವಾರಿ ಹತ್ತಿಯಲ್ಲಿ ಇದ್ದದ್ದು 26.

ಈ ಸೀಮೆಯ ಹತ್ತಿಯ ಇನ್ನೂರು ವರ್ಷಗಳ ಏರಿಳಿತವೆಲ್ಲ ಈ ಎರಡು ಸಂಖ್ಯೆಗಳ ನಡುವೆಯೇ ನಡೆದಿದೆ. ವ್ಯಾಪಾರಿಗಳ ಕಲಬೆರಕೆ, ಸರ್ಕಾರದ ಕಾನೂನು, ಧಾರವಾಡದ ಸಂಶೋಧನೆ, ಬೀಜದ ಪಾಕೀಟಿನ ಬೆಲೆ, ಕಾಯಿಕೊರಕದ ಕಾಟ, ಇವೆಲ್ಲವನ್ನೂ ಬೇರೆ ಬೇರೆ ಕಥೆಗಳಾಗಿ ಹೇಳುವುದು ರೂಢಿ. ಆದರೆ ಕೋಶವೊಂದು ತನ್ನ ವರ್ಣತಂತುಗಳನ್ನು ಹೇಗೆ ನಕಲು ಮಾಡಿಕೊಳ್ಳುತ್ತದೆ, ಹೇಗೆ ಜೋಡಿಸಿ ಹಂಚುತ್ತದೆ ಎಂಬುದನ್ನು ಬಿಟ್ಟರೆ ಈ ಕಥೆಗಳಲ್ಲಿ ಒಂದೂ ಪೂರ್ತಿಯಾಗಿ ಅರ್ಥವಾಗುವುದಿಲ್ಲ.

ಮೊದಲು 26ರ ಕಾಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಏಳು ಸಾವಿರ ವರ್ಷಕ್ಕೂ ಹಳೆಯ ತಾಮ್ರದ ಮಣಿಯೊಂದರೊಳಗೆ ಹತ್ತಿಯ ದಾರದ ಎಳೆಗಳು ಸಿಕ್ಕಿವೆ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷ ಹಿಂದಿನ ಹತ್ತಿಯ ಕುರುಹು ದೊರೆತಿದೆ. ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು, ವೃತ್ತಿಯಿಂದ ನೇಕಾರ. ನೂಲು ತೆಗೆಯುವ ಕಾಯಕದ ಕದಿರ ರೆಮ್ಮವ್ವೆಯೂ ಶರಣೆಯರ ಸಾಲಿನಲ್ಲಿದ್ದಾಳೆ. ಅವರ ಕೈಗೆ ಬಂದ ಅರಳೆಯೆಲ್ಲ ಜವಾರಿ ಹತ್ತಿಯದೇ. ಅಮೆರಿಕ ಖಂಡದ ಹತ್ತಿ ಈ ನೆಲವನ್ನು ಕಾಣಲು ಇನ್ನೂ ಅನೇಕ ಶತಮಾನ ಕಾಯಬೇಕಿತ್ತು.

ಭಾರತದಲ್ಲಿ ಜವಾರಿ ಹತ್ತಿಯಲ್ಲಿ ಎರಡು ಜಾತಿ: ಆರ್ಬೋರಿಯಂ ಮತ್ತು ಹರ್ಬೇಸಿಯಂ. ಮುಂಬೈ ಕರ್ನಾಟಕದ ಎರೆಹೊಲದಲ್ಲಿ ಬೇರೂರಿದ್ದು ಹೆಚ್ಚಾಗಿ ಹರ್ಬೇಸಿಯಂ. ಹಿಂಗಾರಿಗೆ ಮುನ್ನ, ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಬಿತ್ತಿದರೆ ಬೇರು ಆಳಕ್ಕಿಳಿದು ಎರೆಮಣ್ಣಿನ ತೇವ ಹೀರಿಕೊಂಡೇ ಬೇಸಿಗೆಯವರೆಗೆ ನಿಲ್ಲುವ ಗಿಡ ಅದು. ಕಾಯಿ ಸಣ್ಣದು, ಎಳೆ ಗಿಡ್ಡ. ಹುಳದ ಕಾಟ ಕಡಿಮೆ. ಅರಳೆ ಬಿಡಿಸುವ ಕೆಲಸ ಹೆಂಗಸರದು: ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸುತ್ತ ಬೀಜವನ್ನು ಒಂದು ಕಡೆಗೂ ಎಳೆಯನ್ನು ಒಂದು ಕಡೆಗೂ ಸರಿಸುತ್ತಿದ್ದರು. ಹುಬ್ಬಳ್ಳಿ, ಧಾರವಾಡ ಕಡೆಯ ಈ ಹತ್ತಿ ಎತ್ತಿನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹಡಗು ಹತ್ತುತ್ತಿತ್ತು. ಹಾಗಾಗಿ ಮುಂಬೈ ಪೇಟೆಯಲ್ಲಿ, ಅಲ್ಲಿಂದ ಲಿವರ್‌ಪೂಲ್‌ನಲ್ಲಿ, ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ನಿಂತಿತು.

ಮ್ಯಾಂಚೆಸ್ಟರ್ ಗಿರಣಿಗಳಿಗೆ ಗಿಡ್ಡ ಎಳೆ ಬೇಡವಾಗಿತ್ತು. 1840ರ ದಶಕದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿಕೊಂಡಿತು. ಅವರಲ್ಲಿ ಕೆಲವರು ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ತೋಟ ಮಾಡಿದರು. ಧಾರವಾಡದ ಕಲೆಕ್ಟರನಾಗಿದ್ದ ಶಾ ನ್ಯೂ ಓರ್ಲಿಯನ್ಸ್‌ನಿಂದ ಬಂದ ಬೀಜವನ್ನು ರೈತರಿಗೆ ಹಂಚಿದ. ಬೇರೆ ಜಿಲ್ಲೆಗಳಲ್ಲಿ ಸೋತ ಆ ಬೀಜ ಧಾರವಾಡದಲ್ಲಿ ಹತ್ತಿಕೊಂಡಿತು, ಧಾರವಾಡ-ಅಮೆರಿಕನ್ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ಅದರ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಹಳೆಯ ಕಾಲುಸರಳು ಸಾಲದಾಯಿತು. ಗರಗಸದ ಹಲ್ಲಿನ ಜಿನ್ ಯಂತ್ರಗಳು ಬಂದವು.

ಆ ಹೊತ್ತಿಗೆ ಸುರಪುರ ಇನ್ನೂ ನಾಯಕರ ಸಂಸ್ಥಾನ. 1841ರಿಂದ 1853ರವರೆಗೆ ಅಲ್ಲಿ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ದಂಗೆ ಮುರಿದುಬಿತ್ತು, ಎರಡು ವರ್ಷದಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಲಂಕಾಶೈರಿಗೆ ಅರಳೆ ನಿಂತುಹೋಗಿ, ಧಾರವಾಡ ಮತ್ತು ಕಲಾದಗಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿ ಸಾಗಿಸುವ ಬಂದರಿನ ಆಸೆಗೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. 1871ರಲ್ಲಿ ಮುಂಬೈ-ಮದರಾಸು ರೈಲುಹಾದಿ ರಾಯಚೂರಿನಲ್ಲಿ ಕೂಡಿಕೊಂಡಿತು. ಆ ದಾರಿ ಯಾದಗಿರಿಯ ಮೇಲೆಯೇ ಹಾದದ್ದರಿಂದ ಭೀಮಾ-ಕೃಷ್ಣಾ ನಡುವಿನ ಅರಳೆಗೂ ಗಿರಣಿಯ ಪೇಟೆ ಹತ್ತಿರವಾಯಿತು.

ಬೆಲೆ ಏರಿದಾಗ ಮೋಸವೂ ಏರಿತು. ಗಿಡ್ಡ ಎಳೆಯ ಕುಮಟಾ ಹತ್ತಿಯನ್ನು ಉದ್ದ ಎಳೆಯ ಧಾರವಾಡ-ಅಮೆರಿಕನ್ ಜೊತೆ ಬೆರೆಸುವುದು, ತೂಕಕ್ಕೆ ಮಣ್ಣು, ನೀರು, ಹತ್ತಿಕಾಳು ಸೇರಿಸುವುದು ಎಷ್ಟು ಹೆಚ್ಚಿತೆಂದರೆ ಮುಂಬೈ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆಗೆಂದೇ ಕಾನೂನು ತಂದಿತು, ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಒಂದೇ ಜಿನ್‌ನಲ್ಲಿ ಎರಡೂ ಬಗೆಯ ಹತ್ತಿ ಅರೆದರೆ ಬೀಜವೂ ಬೆರೆಯುತ್ತಿತ್ತು. ಆ ಬೀಜವನ್ನೇ ರೈತ ಮರಳಿ ಒಯ್ದು ಬಿತ್ತಿದಾಗ ಹೊಲದಲ್ಲೂ ಎರಡು ಬಗೆಯ ಗಿಡ ಸಾಲುಸಾಲಾಗಿ ನಿಲ್ಲುತ್ತಿದ್ದವು. ಅಮೆರಿಕನ್ ಹತ್ತಿ ಜಾತಿ ಕೆಟ್ಟಿತು ಎಂಬ ದೂರು ಆ ಕಾಲದ ವರದಿಗಳಲ್ಲಿ ಮತ್ತೆಮತ್ತೆ ಬರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಜಿನ್‌ನಲ್ಲಿ ಅಷ್ಟೆಲ್ಲ ಬೆರೆತ ಈ ಎರಡು ಹತ್ತಿಗಳು ಹೂವಿನಲ್ಲಿ ಬೆರೆಯಲಿಲ್ಲ. ಒಂದೇ ಹೊಲದಲ್ಲಿ ಮಗ್ಗುಲಿಗೆ ಮಗ್ಗುಲು ನಿಂತು, ಒಂದೇ ಜೇನ್ನೊಣ ಎರಡರ ಹೂವಿನಲ್ಲೂ ಕೂತು ಎದ್ದರೂ ನಡುವಿನ ಒಂದು ಹೊಸ ಜಾತಿ ಹುಟ್ಟಲಿಲ್ಲ. ಕಲಬೆರಕೆಯೆಲ್ಲ ಮನುಷ್ಯರ ಕೈಯದು. ಗಿಡಗಳು ತಮ್ಮ ತಮ್ಮ ಬೇಲಿಯೊಳಗೇ ಉಳಿದವು. ಏಕೆಂಬುದು 20ನೇ ಶತಮಾನದವರೆಗೆ ಯಾರಿಗೂ ತಿಳಿದಿರಲಿಲ್ಲ.

ಉತ್ತರ ಸಿಕ್ಕಿದ್ದು ಎಣಿಕೆಯಿಂದ. ಮ್ಯಾಂಚೆಸ್ಟರ್‌ನ ಶರ್ಲಿ ಸಂಶೋಧನಾ ಸಂಸ್ಥೆಯಲ್ಲಿ ಎಚ್. ಜೆ. ಡೆನ್‌ಹ್ಯಾಮ್ ಹತ್ತಿಯ ಕೋಶಗಳನ್ನು ಪರೀಕ್ಷಿಸಿ 1924ರಲ್ಲಿ ಫಲಿತಾಂಶ ಪ್ರಕಟಿಸಿದ. ಏಷ್ಯಾದ ಹತ್ತಿಗಳ ಪರಾಗಕೋಶದಲ್ಲಿ 13 ವರ್ಣತಂತು, ಅಮೆರಿಕದ ಹತ್ತಿಗಳಲ್ಲಿ 26. ಗಿಡದ ಮೈಕೋಶದಲ್ಲಿ ಅದರ ಇಮ್ಮಡಿ: 26 ಮತ್ತು 52. ಅಮೆರಿಕದ ಹತ್ತಿಯ ಒಳಗೆ ಎರಡು ಹತ್ತಿಗಳಷ್ಟು ಸರಕು ತುಂಬಿತ್ತು.

ಈ ಎಣಿಕೆ ಮಾಡುವ ಬಗೆಯನ್ನು ಕೃಷಿ ಕಾಲೇಜುಗಳಲ್ಲಿ ಇಂದಿಗೂ ಕಲಿಸುತ್ತಾರೆ. ಹತ್ತಿಕಾಳನ್ನು ಒದ್ದೆ ಕಾಗದದಲ್ಲಿ ಮೊಳೆಯಿಸಿ, ಬೇರು ಬೆರಳಗಲ ಬಂದಾಗ ಅದರ ತುದಿಯನ್ನು ಬ್ಲೇಡಿನಿಂದ ಕತ್ತರಿಸುತ್ತಾರೆ. ಬೇರಿನ ತುದಿಯೇ ಏಕೆಂದರೆ ಕೋಶಗಳು ಬಿಡುವಿಲ್ಲದೆ ಒಡೆಯುತ್ತಿರುವುದು ಅಲ್ಲಿ. ಮೂರು ಪಾಲು ಆಲ್ಕೋಹಾಲು, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಅದ್ದಿದರೆ ಕೋಶ ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಆಮೇಲೆ ಕೆಂಪು ಕಾರ್ಮೈನ್ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು, ತೆಳುಗಾಜು ಮುಚ್ಚಿ ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬೆರಳು ಜಾರಿದರೆ ಕೋಶ ಉರುಳಿ ಎಲ್ಲ ಕೆಟ್ಟಂತೆ. ಸರಿಯಾಗಿ ಒತ್ತಿದ್ದರೆ ನೂರಾರು ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಕೆಂಪು ಚುಕ್ಕೆಗಳ ಗುಂಪು ಹರಡಿಕೊಂಡಿರುತ್ತದೆ. ಹತ್ತಿಯ ವರ್ಣತಂತುಗಳು ಬಹಳ ಗಿಡ್ಡ, ಈರುಳ್ಳಿಯವುಗಳ ಹಾಗೆ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. 52 ಎಣಿಸಲು ತಾಳ್ಮೆ ಬೇಕು.

ಹೀಗೆ ಚುಕ್ಕೆಯಾಗಿ ಕಾಣುವ ಹೊತ್ತಿಗೆ ವರ್ಣತಂತುವಿನ ದೊಡ್ಡ ಕೆಲಸ ಮುಗಿದಿರುತ್ತದೆ. ನಕಲು ಆಗುವುದು ಅದಕ್ಕೂ ಮುಂಚೆ, ಅದು ಬಿಚ್ಚಿಕೊಂಡು ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ತೆಳುವಾಗಿ ಹರಡಿದ್ದಾಗ. ಅಮೆರಿಕನ್ ಹತ್ತಿಯ ಒಂದು ಮೈಕೋಶದ ಡಿಎನ್ಎಯನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಸುಮಾರು ಒಂದೂವರೆ ಮೀಟರ್ ಉದ್ದ. ಅದು ಕೆಲವೇ ಮೈಕ್ರಾನ್ ಅಗಲದ ಕೋಶಕೇಂದ್ರದೊಳಗೆ, ಹಿಸ್ಟೋನ್ ಎಂಬ ಪ್ರೋಟೀನು ಗುಂಡುಗಳಿಗೆ ಸುತ್ತಿಕೊಂಡು ಕೂತಿರುತ್ತದೆ. ಒಂದೊಂದು ಗುಂಡಿಗೆ 147 ಅಕ್ಷರಗಳಷ್ಟು ಡಿಎನ್ಎ, ಎರಡು ಸುತ್ತಿಗೆ ಸ್ವಲ್ಪ ಕಡಿಮೆ. ನಕಲು ಮಾಡಬೇಕೆಂದರೆ ಈ ಸುತ್ತನ್ನು ಬಿಚ್ಚಬೇಕು, ಎರಡು ಎಳೆಗಳನ್ನು ಬೇರ್ಪಡಿಸಬೇಕು, ಒಂದೊಂದು ಎಳೆಯ ಎದುರಿಗೂ ಹೊಸ ಎಳೆ ನೇಯಬೇಕು, ಮತ್ತೆ ಸುತ್ತಿಡಬೇಕು.

ಹೊಸ ಕೋಶಕ್ಕೆ ಹೋಗುವ ಪ್ರತಿ ಡಿಎನ್ಎಯಲ್ಲೂ ಒಂದು ಎಳೆ ಹಳತು, ಒಂದು ಹೊಸತು. ಬ್ಯಾಕ್ಟೀರಿಯಾದಲ್ಲಿ ಇದನ್ನು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ತೋರಿಸಿದ್ದು ಪ್ರಸಿದ್ಧ. ಅದಕ್ಕೆ ಒಂದು ವರ್ಷ ಮುಂಚೆಯೇ, 1957ರಲ್ಲಿ, ಹರ್ಬರ್ಟ್ ಟೇಲರ್ ಮತ್ತು ಸಂಗಡಿಗರು ಅವರೆಯ ಕುಟುಂಬಕ್ಕೇ ಸೇರಿದ ವಿಸಿಯಾ ಫಾಬಾ ಗಿಡದ ಬೇರುತುದಿಯಲ್ಲಿ, ವಿಕಿರಣ ಸೂಸುವ ಥೈಮಿಡಿನ್ ಉಣಿಸಿ, ಇಡೀ ವರ್ಣತಂತುವಿನ ಮಟ್ಟದಲ್ಲಿ ಇದೇ ಹಂಚಿಕೆಯನ್ನು ಫೋಟೊ ಫಿಲ್ಮಿನ ಮೇಲೆ ಹಿಡಿದಿದ್ದರು. ಗಿಡವೊಂದರ ಬೇರಿನಲ್ಲಿ ಕಂಡ ಈ ಸಾಕ್ಷ್ಯಕ್ಕೆ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಲ್ಲಬೇಕು.

ಉದ್ದದ ತೊಂದರೆಯನ್ನು ಕೋಶ ನಿಭಾಯಿಸುವ ರೀತಿ ಬೆರಗು ಹುಟ್ಟಿಸುತ್ತದೆ. ಅಮೆರಿಕನ್ ಹತ್ತಿಯ ಒಂದು ವರ್ಣತಂತುವಿನಲ್ಲಿ ಸರಾಸರಿ ಒಂಬತ್ತು ಕೋಟಿಯಷ್ಟು ಅಕ್ಷರಜೋಡಿಗಳಿವೆ. ನಕಲು ಮಾಡುವ ಕಿಣ್ವ ಸೆಕೆಂಡಿಗೆ 50 ಅಕ್ಷರ ಬರೆದರೂ, ಒಂದು ತುದಿಯಿಂದ ಹೊರಟು ಮತ್ತೊಂದು ತುದಿ ಮುಟ್ಟಲು ಮೂರು ವಾರ ಬೇಕು. ಕೋಶ ಅದನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಮಳೆ ಬಿದ್ದ ಮರುದಿನ ಒಂದೂರಿನ ಎಲ್ಲ ಹೊಲಗಳಲ್ಲೂ ಒಟ್ಟಿಗೇ ಕೂರಿಗೆ ಹೂಡಿದ ಹಾಗೆ, ವರ್ಣತಂತುವಿನ ಉದ್ದಕ್ಕೂ ಅನೇಕ ಕಡೆ ನಕಲು ಒಂದೇ ಅವಧಿಯಲ್ಲಿ ಶುರುವಾಗುತ್ತದೆ. ಒಂದೊಂದು ಆರಂಭದ ಜಾಗದಿಂದಲೂ ಎರಡು ದಿಕ್ಕಿಗೆ ಕೆಲಸ ಸಾಗಿ, ಪಕ್ಕದ ಜಾಗದಿಂದ ಬಂದ ಕೆಲಸದ ಜೊತೆ ಕೂಡುತ್ತದೆ. ಯಾವ ಜಾಗದಿಂದ ಶುರುಮಾಡಬೇಕೆಂಬ ಗುರುತು ಮೊದಲೇ ಬಿದ್ದಿರುತ್ತದೆ, ಎಳೆ ಬಿಚ್ಚುವ ಕಿಣ್ವ ಅಲ್ಲಿ ಮುಂಚಿತವಾಗಿ ಬಂದು ಕೂತಿರುತ್ತದೆ. ಒಮ್ಮೆ ಕೆಲಸ ಆರಂಭವಾದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಿಣ್ವ ಕೂರದಂತೆ ತಡೆ ಇದೆ. ಹೀಗಾಗಿ ಒಂದು ಸುತ್ತಿನಲ್ಲಿ ಯಾವ ತುಣುಕೂ ಎರಡು ಸಲ ನಕಲಾಗುವುದಿಲ್ಲ, ಯಾವ ತುಣುಕೂ ಬಿಟ್ಟುಹೋಗುವುದಿಲ್ಲ.

ಎರಡು ಎಳೆಗಳು ಎದುರುಬದುರು ದಿಕ್ಕಿನವಾದ್ದರಿಂದ ಇನ್ನೊಂದು ತೊಡಕು. ಕಿಣ್ವಕ್ಕೆ ಒಂದೇ ದಿಕ್ಕಿನಲ್ಲಿ ಬರೆಯಲು ಬರುತ್ತದೆ. ಒಂದು ಎಳೆಯ ಮೇಲೆ ಬರವಣಿಗೆ ಸಲೀಸಾಗಿ ಸಾಗಿದರೆ, ಇನ್ನೊಂದರ ಮೇಲೆ ತುಣುಕು ತುಣುಕಾಗಿ ಹಿಮ್ಮುಖವಾಗಿ ಬರೆದು ಕೊನೆಗೆ ಬೆಸೆಯಬೇಕು. 1960ರ ದಶಕದ ಕೊನೆಯಲ್ಲಿ ಈ ತುಣುಕುಗಳನ್ನು ಕಂಡುಹಿಡಿದವರು ಜಪಾನಿನ ದಂಪತಿ ರೇಜಿ ಮತ್ತು ತ್ಸುನೆಕೊ ಒಕಾಜಾಕಿ. ಹಿರೋಶಿಮಾದ ಬಾಂಬಿನ ವಿಕಿರಣಕ್ಕೆ ಬಾಲ್ಯದಲ್ಲಿ ಸಿಕ್ಕಿದ್ದ ರೇಜಿ 1975ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಕೆಲಸವನ್ನು ತ್ಸುನೆಕೊ ಮುಂದುವರಿಸಿದರು. ಬರೆಯುವಾಗ ಆದ ತಪ್ಪನ್ನು ಕಿಣ್ವವೇ ಹಿಂದೆ ಸರಿದು ಅಳಿಸುತ್ತದೆ, ಅದರ ಕಣ್ಣು ತಪ್ಪಿದ್ದನ್ನು ಹಿಂದಿನಿಂದ ಬರುವ ದುರಸ್ತಿ ಪ್ರೋಟೀನುಗಳು ಹಿಡಿಯುತ್ತವೆ. ಇಷ್ಟಾದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದರ ಆಸುಪಾಸು. ಉಳಿದ ಆ ಒಂದೊಂದರಿಂದಲೇ ಹೊಸ ತಳಿಗಳು ಹುಟ್ಟುತ್ತವೆ.

ನಕಲಾದ ಎರಡು ಪ್ರತಿಗಳು ಆ ಕೂಡಲೇ ಬೇರೆಯಾಗುವುದಿಲ್ಲ. ನಕಲು ನಡೆಯುತ್ತಿರುವಾಗಲೇ ಕೊಹೆಸಿನ್ ಎಂಬ ಉಂಗುರದಾಕಾರದ ಪ್ರೋಟೀನು ಎರಡನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಕೋಶ ಒಡೆಯುವ ಮುನ್ನ ಕಂಡೆನ್ಸಿನ್ ಎಂಬ ಇನ್ನೊಂದು ಬಳಗ ಉದ್ದದ ಎಳೆಯನ್ನು ಮಡಿಸಿ ಮಡಿಸಿ ಗಿಡ್ಡ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಚುಕ್ಕೆಯಾಗಿ ಕಾಣುವುದು ಇದೇ ಘಟ್ಟ. ಆಮೇಲೆ ಕೋಶದ ಎರಡೂ ಕಡೆಯಿಂದ ಕದಿರೆಳೆಗಳು ಬಂದು ಜೋಡಿಯ ಒಂದೊಂದು ಪ್ರತಿಯನ್ನು ಒಂದೊಂದು ಕಡೆಯಿಂದ ಹಿಡಿಯುತ್ತವೆ. ಎಲ್ಲ 52 ಜೋಡಿಗಳೂ ಸರಿಯಾಗಿ ಸಿಕ್ಕವೆಂದು ಖಾತ್ರಿಯಾಗುವವರೆಗೆ ಕೊಹೆಸಿನ್ ಉಂಗುರ ತುಂಡಾಗುವುದಿಲ್ಲ. ಒಂದೇ ಒಂದು ಜೋಡಿ ತಪ್ಪಿ ನಿಂತಿದ್ದರೂ ಕೋಶ ಕಾಯುತ್ತದೆ.

ಬೇರು, ಎಲೆ, ಕಾಂಡದಲ್ಲಿ ಇಷ್ಟೇ ಕೆಲಸ. ಪರಾಗ ಮತ್ತು ಅಂಡದ ತಯಾರಿಯಲ್ಲಿ ಮಾತ್ರ ಇನ್ನೊಂದು ಹೆಜ್ಜೆ ಸೇರುತ್ತದೆ. ತಂದೆಯಿಂದ ಬಂದ ವರ್ಣತಂತು ತಾಯಿಯಿಂದ ಬಂದ ತನ್ನ ಸರಿಜೋಡಿಯನ್ನು ಹುಡುಕಿ ಮಗ್ಗುಲಲ್ಲಿ ನಿಲ್ಲಬೇಕು. ಜೋಡಿ ಸಿಕ್ಕಿದರೆ ಹಂಚಿಕೆ ಸಮ, ಸಿಗದಿದ್ದರೆ ಅಡ್ಡಾದಿಡ್ಡಿ. ಕುಮಟಾ ಮತ್ತು ಧಾರವಾಡ-ಅಮೆರಿಕನ್ ಹತ್ತಿಗಳ ನಡುವಿನ ಬೇಲಿ ಇರುವುದು ಇಲ್ಲಿಯೇ. ಜವಾರಿ ಹತ್ತಿಯ 13, ಅಮೆರಿಕನ್ ಹತ್ತಿಯ 26 ಕೂಡಿ ಅಪರೂಪಕ್ಕೊಂದು ಗಿಡ ಹುಟ್ಟಿದರೂ ಅದರಲ್ಲಿ 39 ವರ್ಣತಂತು. ಮೈಕೋಶಗಳು 39ನ್ನೂ ಚೆನ್ನಾಗಿಯೇ ನಕಲು ಮಾಡುತ್ತವೆ, ಗಿಡ ಎತ್ತರಕ್ಕೆ ಬೆಳೆಯುತ್ತದೆ. ಹೂವಿನೊಳಗೆ ಜೋಡಿ ಹುಡುಕುವ ಹೊತ್ತಿಗೆ 13 ಜೋಡಿಯಾಗಿ, ಇನ್ನು 13 ಒಂಟಿಯಾಗಿ ಉಳಿಯುತ್ತವೆ. ಪರಾಗ ಜೊಳ್ಳು, ಗಿಡ ಬಂಜೆ.

ಟ್ರಿನಿಡಾಡ್‌ನ ಹತ್ತಿ ಸಂಶೋಧನಾ ಕೇಂದ್ರದಲ್ಲಿ ಡೆನ್ಮಾರ್ಕಿನ ಸ್ಕೋವ್‌ಸ್ಟೆಡ್ ಇಂತಹ ಗಿಡಗಳನ್ನೇ ಪರೀಕ್ಷಿಸಿ 1934ರಲ್ಲಿ ಒಂದು ಮಾತು ಹೇಳಿದ. ಅಮೆರಿಕನ್ ಹತ್ತಿಯ 26ರಲ್ಲಿ 13 ದೊಡ್ಡವು, 13 ಸಣ್ಣವು. ದೊಡ್ಡವು ಏಷ್ಯಾದ ಹತ್ತಿಯ ವರ್ಣತಂತುಗಳ ಜೊತೆ ಜೋಡಿಯಾಗುತ್ತವೆ. ಅಂದರೆ ಅಮೆರಿಕನ್ ಹತ್ತಿ ಹುಟ್ಟಿದ್ದೇ ಏಷ್ಯಾ-ಆಫ್ರಿಕಾ ಕಡೆಯ ಹತ್ತಿಯೊಂದು ಅಮೆರಿಕದ ಕಾಡುಹತ್ತಿಯೊಂದರ ಜೊತೆ ಕೂಡಿ, ಆ ಕೂಡಿಕೆಯ ವರ್ಣತಂತುಗಳು ಇಮ್ಮಡಿಯಾದಾಗ. ಇದನ್ನು ಸಾಧಿಸಿ ತೋರಿಸಲು ಬೇಕಾದ ಮದ್ದು ಮೂರೇ ವರ್ಷದಲ್ಲಿ ಕೈಗೆ ಬಂತು, ಕಾಲ್ಚಿಸಿನ್. ಸಂಧಿವಾತಕ್ಕೆ ಕೊಡುತ್ತಿದ್ದ ಈ ವಿಷ ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಬೆಂಕಿಬಣ್ಣದ ಹೂ ಬಿಡುವ ಅಗ್ನಿಶಿಖೆಯ ಗಡ್ಡೆ ಮತ್ತು ಬೀಜದಲ್ಲೂ ಇದೆ. ಅದು ಡಿಎನ್ಎ ನಕಲನ್ನು ತಡೆಯುವುದಿಲ್ಲ, ಕದಿರೆಳೆಗಳನ್ನು ಕಟ್ಟಲು ಬಿಡುವುದಿಲ್ಲ. ಪ್ರತಿ ಸಿದ್ಧವಾಗುತ್ತದೆ, ಎಳೆದೊಯ್ಯುವವರಿಲ್ಲ. ಎರಡೂ ಪಾಲು ಒಂದೇ ಕೋಶದಲ್ಲಿ ಉಳಿದು ಸಂಖ್ಯೆ ಇಮ್ಮಡಿಯಾಗುತ್ತದೆ. 1940ರಲ್ಲಿ ಟೆಕ್ಸಾಸ್‌ನ ಬೀಸ್ಲಿ ಮತ್ತು ಅವನಿಗೆ ಸಂಬಂಧವಿಲ್ಲದೆ ಹಾರ್ಲೆಂಡ್, ಜವಾರಿ ಆರ್ಬೋರಿಯಂ ಹತ್ತಿಯನ್ನು ಅಮೆರಿಕದ ಕಾಡುಹತ್ತಿಯ ಜೊತೆ ಕೂಡಿಸಿ ಸಂಖ್ಯೆ ಇಮ್ಮಡಿಸಿದರು. ಬಂಜೆಯಾಗಿದ್ದ ಗಿಡ ಫಲ ಬಿಟ್ಟಿತು, ಅಮೆರಿಕನ್ ಹತ್ತಿಯ ಜೊತೆ ಕೂಡಿಸಿದರೆ ಬೀಜವೂ ಕಟ್ಟಿತು. ಪ್ರಕೃತಿಯಲ್ಲಿ ಇದೇ ಘಟನೆ ಸುಮಾರು ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಮನುಷ್ಯರ ಕೈ ಸೋಂಕುವ ಬಹಳ ಮೊದಲು, ನಡೆದುಹೋಗಿತ್ತು. ಇಂದು ದೇವಾಪುರದ ಹೊಲದಲ್ಲಿರುವ 52ರಲ್ಲಿ ಅರ್ಧ, ಜವಾರಿ ಹತ್ತಿಯ ದೂರದ ದಾಯಾದಿಗಳೇ.

ಇತ್ತ ಧಾರವಾಡದಲ್ಲಿ ಕೆಲಸ ಬೇರೆ ದಾರಿ ಹಿಡಿದಿತ್ತು. ಜಿ. ಎಲ್. ಕೊಟ್ಟೂರ ಅವರು 20ನೇ ಶತಮಾನದ ಎರಡನೆಯ, ಮೂರನೆಯ ದಶಕಗಳಲ್ಲಿ ಕುಮಟಾ ಹತ್ತಿಯನ್ನೂ ಬೆರಕೆಯಾಗಿ ಕೆಟ್ಟ ಧಾರವಾಡ-ಅಮೆರಿಕನ್ ಹತ್ತಿಯನ್ನೂ ಗಿಡಗಿಡವಾಗಿ ಆಯ್ದು ಶುದ್ಧ ತಳಿ ಕಟ್ಟಿದರು. 26ರ ಕಡೆ ಜಯವಂತ, 52ರ ಕಡೆ ಗದಗ-1. ಮುಂದೆ ಜವಾರಿಯಲ್ಲಿ ಜಯಧರ, ಅಮೆರಿಕನ್‌ನಲ್ಲಿ ಲಕ್ಷ್ಮಿ ಬಂದವು. ಇವೆಲ್ಲ ರೈತ ಮನೆಯಲ್ಲಿ ಬೀಜ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಬಹುದಾದ ತಳಿಗಳು. ತಾಯಿಗಿಡದ ಗುಣವೇ ಮರಿಗೆ ಬರುತ್ತಿತ್ತು, ಯಾಕೆಂದರೆ ಜೋಡಿಯ ಎರಡೂ ವರ್ಣತಂತುಗಳಲ್ಲಿ ಬರೆದಿದ್ದದ್ದು ಒಂದೇ.

1972ರಲ್ಲಿ ಧಾರವಾಡದ ಬಿ. ಎಚ್. ಕಟರ್ಕಿ ಅವರ ವರಲಕ್ಷ್ಮಿ ಬಂತು. ಎರಡು ವರ್ಷ ಮುಂಚೆ ಗುಜರಾತಿನ ಸಿ. ಟಿ. ಪಟೇಲರ ಹೈಬ್ರಿಡ್-4 ಲೋಕದಲ್ಲೇ ಮೊದಲ ವಾಣಿಜ್ಯ ಸಂಕರ ಹತ್ತಿಯಾಗಿ ಹೆಸರು ಮಾಡಿತ್ತು. ಕಟರ್ಕಿಯವರ ಹೆಜ್ಜೆ ಇನ್ನೂ ದಿಟ್ಟದು. ನಮ್ಮ ಲಕ್ಷ್ಮಿ ತಳಿಯನ್ನು ಈಜಿಪ್ಟ್ ಹತ್ತಿಯ ಕುಲದ, ರಷ್ಯಾದಿಂದ ಬಂದ ಎಸ್‌ಬಿ 289ಇ ಎಂಬ ಬಾರ್ಬಡೆನ್ಸ್ ತಳಿಯ ಜೊತೆ ಕೂಡಿಸಿದರು. ಜಾತಿ ಬೇರೆಯಾದರೂ ಎರಡರಲ್ಲೂ 52, ಹೂವಿನೊಳಗೆ 26ಕ್ಕೂ ಸರಿಜೋಡಿ ಸಿಗುತ್ತದೆ. ಜವಾರಿಯ ಜೊತೆ ಆಗದ್ದು ಇಲ್ಲಿ ಆದದ್ದು ಅದಕ್ಕೇ. ಹೊರದೇಶದಿಂದ ತರಿಸುತ್ತಿದ್ದ ಉದ್ದ ಎಳೆಯ ಹತ್ತಿಯನ್ನು ಕರ್ನಾಟಕದ ಹೊಲವೇ ಕೊಡತೊಡಗಿತು. 1981ರಲ್ಲಿ ಅದೇ ಧಾರವಾಡದಿಂದ ಡಿಸಿಎಚ್-32, ಜಯಲಕ್ಷ್ಮಿ, ಬಂತು.

ಸಂಕರ ಬೀಜ ತಯಾರಿಸುವ ಕೆಲಸಕ್ಕೆ ಈ ಕಡೆಯ ಮಾತಿನಲ್ಲಿ ಕ್ರಾಸಿಂಗ್ ಎಂದೇ ಹೆಸರು. ಸಂಜೆ ಹೊತ್ತು ಹೆಣ್ಣುಸಾಲಿನಲ್ಲಿ ನಡೆಯುತ್ತ, ನಾಳೆ ಅರಳಲಿರುವ ಮೊಗ್ಗನ್ನು ಗುರುತಿಸಿ, ಹೆಬ್ಬೆರಳ ಉಗುರನ್ನು ಬುಡಕ್ಕೆ ಚುಚ್ಚಿ ದಳ ಮತ್ತು ಕೇಸರಗಳನ್ನು ಒಂದೇ ಸುತ್ತಿಗೆ ಕಿತ್ತು ತೆಗೆಯಬೇಕು. ನಡುವಿನ ಶಲಾಕೆಗೆ ಪೆಟ್ಟಾಗಕೂಡದು, ಒಂದು ಪರಾಗಚೀಲವೂ ಉಳಿಯಕೂಡದು. ಬರಿದಾದ ಶಲಾಕೆಗೆ ಕೆಂಪು ಕಾಗದದ ಚೀಲ ಹಾಕುತ್ತಾರೆ, ಬೆಳಿಗ್ಗೆ ಕಂಡುಹಿಡಿಯಲು ಆ ಬಣ್ಣವೇ ಗುರುತು. ಮರುದಿನ ಬಿಸಿಲೇರುವ ಮುನ್ನ ಗಂಡುಸಾಲಿನ ಹೂ ತಂದು, ಚೀಲ ತೆಗೆದು, ಹಳದಿ ಪರಾಗವನ್ನು ಶಲಾಕೆಗೆ ಸವರಿ ದಾರ ಕಟ್ಟುತ್ತಾರೆ. ಎಕರೆಗೆ ಸಾವಿರಾರು ಹೂ, ತಿಂಗಳುಗಟ್ಟಲೆ ದಿನವೂ ಇದೇ ಕೆಲಸ. ಆಂಧ್ರ, ಕರ್ನಾಟಕ, ಗುಜರಾತುಗಳ ಬೀಜದ ಹೊಲಗಳಲ್ಲಿ ಇದಕ್ಕೆ ಶಾಲೆ ಬಿಡಿಸಿ ಹೆಣ್ಣುಮಕ್ಕಳನ್ನು ಹಚ್ಚಿದ್ದು ದಾಖಲಾಗಿರುವ, ನಾಚಿಕೆಪಡಬೇಕಾದ ಸಂಗತಿ. ವರಲಕ್ಷ್ಮಿಯ ಯಶಸ್ಸಿನ ಕಥೆ ಹೇಳುವವರು ಆ ಮಕ್ಕಳ ಬೆರಳುಗಳನ್ನು ಮರೆಯಬಾರದು.

ಸಂಕರ ತಳಿಯ ಜೊತೆ ರೈತನ ಬೀಜದ ಮಡಿಕೆ ಬರಿದಾಯಿತು. ಸಂಕರ ಗಿಡದ ಪ್ರತಿ ಜೋಡಿಯಲ್ಲೂ ಒಂದು ವರ್ಣತಂತು ಒಂದು ತಳಿಯದು, ಇನ್ನೊಂದು ಮತ್ತೊಂದು ತಳಿಯದು. ಅದರ ಹೂವಿನಲ್ಲಿ ಜೋಡಿಗಳು ಬೇರೆಯಾಗುವಾಗ ಯಾವ ಪರಾಗಕ್ಕೆ ಯಾವುದು ಎಂಬುದಕ್ಕೆ ನಿಯಮವಿಲ್ಲ. 26 ಜೋಡಿಯನ್ನು ಹಂಚುವ ಬಗೆಗಳ ಸಂಖ್ಯೆ ಆರು ಕೋಟಿ ಎಪ್ಪತ್ತೊಂದು ಲಕ್ಷ ದಾಟುತ್ತದೆ. ಆ ಬೀಜ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ಎಳೆ ಉದ್ದ, ಒಂದರದು ಮೋಟು. ಆದ್ದರಿಂದ ಪ್ರತಿ ವರ್ಷ ಪಾಕೀಟು ಕೊಳ್ಳಲೇಬೇಕು.

ಬಿಟಿ ಹತ್ತಿ ಈ ಪಾಕೀಟಿನೊಳಗೇ ಬಂತು. ಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ತೆಗೆದ, ಕಾಯಿಕೊರಕಕ್ಕೆ ವಿಷವಾಗುವ ಪ್ರೋಟೀನು ತಯಾರಿಸುವ ವಂಶವಾಹಿಯನ್ನು ಹತ್ತಿಯ ಒಂದು ವರ್ಣತಂತುವಿಗೆ ಸೇರಿಸಿದ್ದು ಅದರ ತಿರುಳು. ಒಮ್ಮೆ ಸೇರಿಸಿದರೆ ಸಾಕು, ಮುಂದೆ ಕೋಶ ಅದನ್ನು ತನ್ನದೆಂದೇ ನಕಲು ಮಾಡುತ್ತ ಎಲೆ, ಹೂ, ಕಾಯಿಗೆಲ್ಲ ಹಂಚುತ್ತದೆ. 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ನೆರೆಯ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. 2002ರ ಮಾರ್ಚಿನಲ್ಲಿ ಕೇಂದ್ರದ ಅನುಮತಿ ಸಿಕ್ಕಿತು. 450 ಗ್ರಾಮಿನ ಪಾಕೀಟಿಗೆ ಆರಂಭದಲ್ಲಿ 1,600 ರೂಪಾಯಿ ಬೆಲೆ. 2006ರಲ್ಲಿ ಆಂಧ್ರ ಸರ್ಕಾರ ಕಾನೂನು ಹೋರಾಟ ಮಾಡಿ ಅದನ್ನು 750ಕ್ಕೆ ಇಳಿಸಿತು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಿದ್ದ ಸುರಪುರ, ಶಹಾಪುರಗಳಲ್ಲಿ ಹಸಿರು ಕಾಯಿಕೊರಕದ ಕಾಟ ತಗ್ಗಿ ಇಳುವರಿ ಏರಿದ್ದೂ ನಿಜ. ಸ್ವಾತಂತ್ರ್ಯ ಬಂದಾಗ ದೇಶದ ಹತ್ತಿಯ ನೂರಕ್ಕೆ 97ರಷ್ಟು ಜಾಗದಲ್ಲಿ ಜವಾರಿ ಇತ್ತು. ಇಂದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜಾಗ ಬಿಟಿ ಸಂಕರದ ಪಾಲು.

ಗುಲಾಬಿ ಕಾಯಿಕೊರಕ ಮಾತ್ರ ಸೋಲಲಿಲ್ಲ. 2010ರಲ್ಲಿ ಗುಜರಾತಿನಲ್ಲಿ ಅದು ಮೊದಲ ಬಿಟಿ ಪ್ರೋಟೀನನ್ನು ಅರಗಿಸಿಕೊಂಡಿದ್ದು ಬೆಳಕಿಗೆ ಬಂತು, ಐದಾರು ವರ್ಷದಲ್ಲಿ ಎರಡನೆಯದನ್ನೂ ಗೆದ್ದಿತು. ಹುಳುವಿನ ಕೋಶಗಳೂ ನಕಲು ಮಾಡುತ್ತವೆ. ಅಲ್ಲಿ ಬಿದ್ದ ಅಪರೂಪದ ತಪ್ಪುಗಳೇ ಅದಕ್ಕೆ ಕವಚವಾದವು. ನಮ್ಮ ಬೀಜನೀತಿ ಅದಕ್ಕೆ ಸಹಾಯವನ್ನೂ ಮಾಡಿತು. ಬೇರೆ ಹೆಚ್ಚಿನ ದೇಶಗಳಲ್ಲಿ ಬಿಟಿ ವಂಶವಾಹಿ ಶುದ್ಧ ತಳಿಯಲ್ಲಿದ್ದು ಜೋಡಿಯ ಎರಡೂ ವರ್ಣತಂತುಗಳಲ್ಲಿರುತ್ತದೆ. ಇಲ್ಲಿ ಸಂಕರವಾದ್ದರಿಂದ ಸಾಮಾನ್ಯವಾಗಿ ಒಂದರಲ್ಲೇ ಇರುತ್ತದೆ. ಹಾಗಾದಾಗ ಒಂದೇ ಕಾಯಿಯೊಳಗಿನ ಬೀಜಗಳಲ್ಲಿ ನಾಲ್ಕರಲ್ಲಿ ಒಂದಕ್ಕೆ ವಿಷವಿಲ್ಲ. ಗುಲಾಬಿ ಹುಳು ತಿನ್ನುವುದು ಬೀಜವನ್ನೇ. ವಿಷವಿಲ್ಲದ ಬೀಜದಲ್ಲಿ ಬೆಳೆದು, ವಿಷವಿರುವ ಬೀಜಕ್ಕೆ ಹೊಂದಿಕೊಳ್ಳಲು ಒಂದೇ ಕಾಯಿಯೊಳಗೆ ಅದಕ್ಕೆ ಅವಕಾಶ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೆ. ಆರ್. ಕ್ರಾಂತಿ ಇದನ್ನು ಬಹಳ ಸಲ ಬರೆದಿದ್ದಾರೆ. ಬಿಟಿಯನ್ನು ಸಂಕರಕ್ಕೆ ಕಟ್ಟಿಹಾಕಿದ್ದು ಬೀಜ ವ್ಯಾಪಾರಕ್ಕೆ ಅನುಕೂಲವಾಯಿತೇ ಹೊರತು ರೈತನಿಗೂ ಅಲ್ಲ, ಬೆಳೆಗೂ ಅಲ್ಲ.

ಈಗ ಹತ್ತಿಯ ಸಂಶೋಧನೆ ಮತ್ತೆ ಕಡಿಮೆ ಖರ್ಚಿನ, ಮನೆಯಲ್ಲೇ ಬೀಜ ಇಟ್ಟುಕೊಳ್ಳಬಹುದಾದ ತಳಿಗಳ ಕಡೆ ನೋಡುತ್ತಿದೆ. ಮಳೆ ಕೈಕೊಟ್ಟಾಗಲೂ ನಿಲ್ಲುವ, ರಸ ಹೀರುವ ಹುಳುಗಳಿಗೆ ಸುಲಭವಾಗಿ ಬಗ್ಗದ ಗುಣ 26ರ ಹತ್ತಿಯಲ್ಲಿದೆ. ಆ ಗುಣವನ್ನು 52ಕ್ಕೆ ದಾಟಿಸುವುದು ಕಷ್ಟವಾದರೂ ವರ್ಣತಂತು ಇಮ್ಮಡಿಸುವ ದಾರಿಯಿಂದ ಸಾಧ್ಯವೆಂದು ಸೂರತ್‌ನ ಹತ್ತಿ ತಳಿಗಾರರು ದೇವಿರಾಜ್, ದೇವಿತೇಜ್ ತಳಿಗಳಲ್ಲಿ ದಶಕಗಳ ಹಿಂದೆಯೇ ತೋರಿಸಿದ್ದಾರೆ. ಅದಕ್ಕೆ ಮೂಲ ಬೀಜ ಬೇಕು. ಆಯಾ ಊರಿನ ಎರೆಮಣ್ಣಿಗೆ ನೂರಾರು ವರ್ಷ ಒಗ್ಗಿದ ಬೀಜದ ಜಾಗವನ್ನು ಪೇಟೆಯ ಯಾವ ಪಾಕೀಟೂ ತುಂಬಲಾರದು.

ಸುರಪುರ, ಶಹಾಪುರ ಕಡೆಯ ಯಾವುದಾದರೂ ಮನೆಯಲ್ಲಿ ದೇವರ ಬತ್ತಿಗೆಂದೋ, ಹಿತ್ತಿಲಿನ ಬೇಲಿಗೆಂದೋ ಉಳಿಸಿಕೊಂಡ ಹಳೆಯ ಜವಾರಿ ಹತ್ತಿಯ ಗಿಡವಿದ್ದರೆ, ಅದರ ಒಂದು ಹಿಡಿ ಕಾಳನ್ನು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಕೃಷಿ ಕಾಲೇಜಿಗೋ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೋ ತಲುಪಿಸಬೇಕು. ಕೊಡುವಾಗ ಊರಿನ ಹೆಸರು, ಬಿತ್ತುವ ಕಾಲ, ಮನೆಯಲ್ಲಿ ಅದಕ್ಕೆ ಕರೆಯುವ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.